ಪಾಲ್ 'ಬೇರ್' ಬ್ರಯಂಟ್

ಪಾಲ್ ವಿಲಿಯಂ ಬ್ರಯಂಟ್ (ಸೆಪ್ಟೆಂಬರ್ 11, 1913 – ಜನವರಿ 26, 1983) ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜು ಫುಟ್‌ಬಾಲ್ ಕ್ಷೇತ್ರದ ಹೆಸರಾಂತ ತರಬೇತುದಾರರು. 'ಬೇರ್', ಅಂದರೆ ಕರಡಿ, ಎಂಬ ಅಡ್ಡಹೆಸರಿನಿಂದ ಅವರು ಪ್ರಸಿದ್ಧರಾಗಿದ್ದರು. 1945ರಿಂದ 1982ರವರೆಗಿನ 38 ಋತುಗಳಲ್ಲಿ ಮೇರಿಲೆಂಡ್, ಕೆಂಟಕಿ, ಟೆಕ್ಸಾಸ್ ಎ ಅಂಡ್ ಎಂ ಮತ್ತು ಅಲಬಾಮಾ ಎಂಬ ನಾಲ್ಕು ಶಿಕ್ಷಣ ಸಂಸ್ಥೆಗಳ ತಂಡಗಳಿಗೆ ಮುಖ್ಯ ತರಬೇತುದಾರರಾಗಿ ಕೆಲಸ ಮಾಡಿದರು. ಒಟ್ಟು 323 ಗೆಲುವು, 85 ಸೋಲು ಮತ್ತು 17 ಸಮಬಲದ ಪಂದ್ಯಗಳು ಅವರ ಹೆಸರಿನಲ್ಲಿವೆ. ಅಲಬಾಮಾದಲ್ಲಿ ಅವರ ತಂಡವು ಆರು ಬಾರಿ ರಾಷ್ಟ್ರೀಯ ಚಾಂಪಿಯನ್ ಎನಿಸಿತು. ಮೊದಲ ಮೂರು ಹುದ್ದೆಗಳನ್ನು ಅವರು ತಾವಾಗಿಯೇ ತೊರೆದರು. ನಾಲ್ಕನೆಯದರಲ್ಲಿ 25 ವರ್ಷ ಉಳಿದರು. ಮುಖ್ಯ ತರಬೇತುದಾರನ ಹುದ್ದೆಯೊಂದು ಯಾವ ಕಾರಣಕ್ಕೆ ಆಕರ್ಷಕವಾಗುತ್ತದೆ, ಯಾವ ಕಾರಣಕ್ಕೆ ಬೇಡವಾಗುತ್ತದೆ ಎಂಬುದನ್ನು ತಿಳಿಯಲು ಅವರ ಜೀವನವು ಉತ್ತಮ ನಿದರ್ಶನವಾಗಿದೆ.

ಹುದ್ದೆಯ ಸ್ವರೂಪ

ಇಲ್ಲಿ ಫುಟ್‌ಬಾಲ್ ಎಂದರೆ ಭಾರತದಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವಿ ತಡೆಯುವ ಅಮೆರಿಕನ್ ಫುಟ್‌ಬಾಲ್ ಇದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವಿಶ್ವವಿದ್ಯಾಲಯಗಳ ತಂಡಗಳು ನಡೆಸುವ ಪಂದ್ಯಗಳಿಗೆ ವೃತ್ತಿಪರ ಪಂದ್ಯಗಳಷ್ಟೇ ಜನಪ್ರಿಯತೆ ಇದೆ. ಮುಖ್ಯ ತರಬೇತುದಾರನು ಆಟವನ್ನು ಕಲಿಸುವುದರ ಜೊತೆಗೆ ಪ್ರೌಢಶಾಲೆಗಳನ್ನು ಸುತ್ತಿ ಪ್ರತಿಭಾವಂತರನ್ನು ಗುರುತಿಸಬೇಕು, ಅವರಿಗೆ ವಿದ್ಯಾರ್ಥಿವೇತನ ನೀಡಿ ಕರೆತರಬೇಕು, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ವಿಶ್ವಾಸವನ್ನು ಉಳಿಸಿಕೊಳ್ಳಬೇಕು. ವಿಶ್ವವಿದ್ಯಾಲಯದ ಅಧ್ಯಕ್ಷರು ಮತ್ತು ಕ್ರೀಡಾ ನಿರ್ದೇಶಕರು ಅವನ ಮೇಲಧಿಕಾರಿಗಳಾಗಿರುತ್ತಾರೆ. ಆದ್ದರಿಂದ ಹುದ್ದೆಗಳನ್ನು ಹೋಲಿಸುವಾಗ ಸಂಬಳವೊಂದನ್ನೇ ಪರಿಗಣಿಸುವುದಿಲ್ಲ. ಆ ರಾಜ್ಯದಲ್ಲಿ ಒಳ್ಳೆಯ ಆಟಗಾರರು ಸಿಗುವರೇ, ಆಡಳಿತದ ಬೆಂಬಲವಿದೆಯೇ, ಸಂಸ್ಥೆಯಲ್ಲಿ ಫುಟ್‌ಬಾಲ್‌ಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾಗುತ್ತವೆ.

ಬಾಲ್ಯ

ಬ್ರಯಂಟ್ ಅವರು ಅರ್ಕಾನ್ಸಾ ರಾಜ್ಯದ ಕ್ಲೀವ್‌ಲ್ಯಾಂಡ್ ಕೌಂಟಿಯ ಮೋರೋ ಬಾಟಮ್ ಎಂಬ ಹಳ್ಳಿಗಾಡಿನಲ್ಲಿ ಜನಿಸಿದರು. ತಂದೆ ವಿಲ್ಸನ್ ಮನ್ರೋ ಬ್ರಯಂಟ್, ತಾಯಿ ಐಡಾ ಕಿಲ್ಗೋರ್. ಹನ್ನೆರಡು ಮಕ್ಕಳಲ್ಲಿ ಅವರು ಹನ್ನೊಂದನೆಯವರು. ಮೂವರು ಮಕ್ಕಳು ಶೈಶವದಲ್ಲಿಯೇ ತೀರಿಕೊಂಡಿದ್ದರು. ತಂದೆ ಅನಾರೋಗ್ಯದಿಂದ ದುಡಿಯಲಾಗದ ಸ್ಥಿತಿಯಲ್ಲಿದ್ದುದರಿಂದ ಸಂಸಾರದ ಭಾರ ತಾಯಿಯ ಮೇಲಿತ್ತು. ಬಾಲಕ ಪಾಲ್ ತಾಯಿಯೊಂದಿಗೆ ಬಂಡಿಯಲ್ಲಿ ಕುಳಿತು ಸಮೀಪದ ಫೋರ್ಡೈಸ್ ಪಟ್ಟಣಕ್ಕೆ ಹೊಲದ ಬೆಳೆಯನ್ನು ಮಾರಲು ಹೋಗುತ್ತಿದ್ದರು. ಪಟ್ಟಣದ ಮಕ್ಕಳು ತಮ್ಮನ್ನು ನೋಡಿ ನಗುತ್ತಿದ್ದುದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಮತ್ತೆ ಆ ಬಡತನಕ್ಕೆ ಮರಳಬಾರದೆಂಬ ಹಟವೇ ತಮ್ಮನ್ನು ಮುನ್ನಡೆಸಿತೆಂದು ಮುಂದೆ ಅವರು ಹೇಳಿಕೊಳ್ಳುತ್ತಿದ್ದರು.

ಸುಮಾರು 13ನೆಯ ವಯಸ್ಸಿನಲ್ಲಿ ಫೋರ್ಡೈಸ್‌ನ ರಂಗಮಂದಿರವೊಂದಕ್ಕೆ ಕರಡಿಯಾಟದವನೊಬ್ಬ ಬಂದಿದ್ದನು. ಕರಡಿಯೊಡನೆ ಸೆಣಸುವವರಿಗೆ ನಿಮಿಷಕ್ಕೊಂದು ಡಾಲರ್ ಕೊಡುವುದಾಗಿ ಅವನು ಸಾರಿದಾಗ ಪಾಲ್ ಮುಂದೆ ಬಂದರು. ಕರಡಿಯ ಬಾಯಿಗೆ ಕಟ್ಟಿದ್ದ ಕುಕ್ಕೆ ಕಳಚಿಕೊಂಡು ಅವರಿಗೆ ಗಾಯವಾಯಿತು. ಆಟದವನು ಹಣವನ್ನು ಕೊಡದೆಯೇ ಊರು ಬಿಟ್ಟನು. ಅಡ್ಡಹೆಸರು ಮಾತ್ರ ಅವರಲ್ಲಿ ಉಳಿಯಿತು.

ಆಟಗಾರನಾಗಿ

ಫೋರ್ಡೈಸ್ ಪ್ರೌಢಶಾಲೆಯ ತಂಡವು 1930ರಲ್ಲಿ ರಾಜ್ಯ ಚಾಂಪಿಯನ್ ಆದಾಗ ಬ್ರಯಂಟ್ ಆ ತಂಡದಲ್ಲಿದ್ದರು. 1931ರಲ್ಲಿ ಅವರು ಟಸ್ಕಲೂಸಾ ನಗರದಲ್ಲಿರುವ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಬಂದರು. ಪ್ರೌಢಶಾಲೆಯ ಶಿಕ್ಷಣವು ಪೂರ್ಣಗೊಂಡಿರದ ಕಾರಣ ಮೊದಲು ಅಲ್ಲಿನ ಪ್ರೌಢಶಾಲೆಯಲ್ಲಿ ಕುಳಿತು ಓದಬೇಕಾಯಿತು. ತರಬೇತುದಾರ ಫ್ರಾಂಕ್ ಥಾಮಸ್ ಅವರ ತಂಡದಲ್ಲಿ ಅವರು 'ಎಂಡ್' ಸ್ಥಾನದಲ್ಲಿ ಆಡುತ್ತಿದ್ದರು. ಇನ್ನೊಂದು ತುದಿಯಲ್ಲಿ ಆಡುತ್ತಿದ್ದ ಡಾನ್ ಹಟ್ಸನ್ ಆ ಕಾಲದ ಶ್ರೇಷ್ಠ ಆಟಗಾರರಾಗಿದ್ದುದರಿಂದ, ಬ್ರಯಂಟ್ ತಮ್ಮನ್ನು ಇನ್ನೊಂದು ತುದಿಯವನೆಂದೇ ಹಾಸ್ಯವಾಗಿ ಕರೆದುಕೊಳ್ಳುತ್ತಿದ್ದರು. 1935ರ ಜನವರಿ 1ರಂದು ನಡೆದ ರೋಸ್ ಬೌಲ್ ಪಂದ್ಯದಲ್ಲಿ ಅಲಬಾಮಾ ತಂಡವು ಸ್ಟ್ಯಾನ್‌ಫರ್ಡ್ ತಂಡವನ್ನು 29–13ರಿಂದ ಸೋಲಿಸಿತು. ಅದೇ ವರ್ಷ ಟೆನೆಸ್ಸೀ ವಿರುದ್ಧದ ಪಂದ್ಯದಲ್ಲಿ ಅವರು ಕಾಲಿನ ಮೂಳೆ ಮುರಿದಿದ್ದರೂ ಆಡಿದರು. 1935ರ ಜೂನ್‌ನಲ್ಲಿ ಸಹಪಾಠಿ ಮೇರಿ ಹಾರ್ಮನ್ ಬ್ಲ್ಯಾಕ್ ಅವರನ್ನು ವಿವಾಹವಾದರು.

ಸಹಾಯಕ ತರಬೇತುದಾರನಾಗಿ ಮತ್ತು ಯುದ್ಧಕಾಲ

ವಿದ್ಯಾಭ್ಯಾಸದ ನಂತರ ಬ್ರಯಂಟ್ ಅಲಬಾಮಾದಲ್ಲಿ ಥಾಮಸ್ ಅವರಿಗೂ, 1940–41ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರೆಡ್ ಸ್ಯಾಂಡರ್ಸ್ ಅವರಿಗೂ ಸಹಾಯಕರಾಗಿದ್ದರು. 1941ರ ಡಿಸೆಂಬರ್‌ನಲ್ಲಿ ತವರು ರಾಜ್ಯವಾದ ಅರ್ಕಾನ್ಸಾದ ವಿಶ್ವವಿದ್ಯಾಲಯದಲ್ಲಿ ಮುಖ್ಯ ತರಬೇತುದಾರನ ಹುದ್ದೆ ಅವರ ಕೈಗೆಟುಕುವಂತಿತ್ತು. ಅಷ್ಟರಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆದು, ಅವರು ನೌಕಾಪಡೆಯನ್ನು ಸೇರಿದರು. ಉತ್ತರ ಆಫ್ರಿಕಾದಲ್ಲಿ ಸೇವೆ ಸಲ್ಲಿಸಿದ ಬಳಿಕ ನೌಕಾಪಡೆಯ ವಿಮಾನ ಚಾಲಕರ ತರಬೇತಿ ಕೇಂದ್ರದಲ್ಲಿ ಫುಟ್‌ಬಾಲ್ ಕಲಿಸಿದರು.

ಮೇರಿಲೆಂಡ್ (1945)

ಮೊದಲ ಮುಖ್ಯ ಹುದ್ದೆ ಮೇರಿಲೆಂಡ್ ವಿಶ್ವವಿದ್ಯಾಲಯದಲ್ಲಿ ದೊರೆಯಿತು. ನೌಕಾಪಡೆಯ ತಂಡದಲ್ಲಿ ತಮ್ಮ ಕೈಕೆಳಗೆ ಆಡಿದ ಹಲವರನ್ನು ಅವರು ಜೊತೆಗೆ ಕರೆತಂದರು. ತಂಡವು 6 ಪಂದ್ಯಗಳನ್ನು ಗೆದ್ದು, ಎರಡರಲ್ಲಿ ಸೋತು, ಒಂದನ್ನು ಸಮಬಲದಲ್ಲಿ ಮುಗಿಸಿತು. ಆದರೆ ವಿಶ್ವವಿದ್ಯಾಲಯದ ಅಧ್ಯಕ್ಷ ಹ್ಯಾರಿ 'ಕರ್ಲಿ' ಬರ್ಡ್ ಅವರು ಸ್ವತಃ ಅದೇ ತಂಡದ ಮಾಜಿ ತರಬೇತುದಾರರಾಗಿದ್ದರು. ಬ್ರಯಂಟ್ ಶಿಸ್ತಿನ ಕಾರಣಕ್ಕೆ ಹೊರಹಾಕಿದ್ದ ಆಟಗಾರನನ್ನು ಬರ್ಡ್ ಮರಳಿ ಸೇರಿಸಿಕೊಂಡರು; ಸಹಾಯಕ ತರಬೇತುದಾರರೊಬ್ಬರನ್ನು ಬ್ರಯಂಟ್ ಅವರಿಗೆ ತಿಳಿಸದೆ ಕೆಲಸದಿಂದ ತೆಗೆದರು. ತಂಡದ ಮೇಲೆ ಪೂರ್ಣ ಅಧಿಕಾರವಿಲ್ಲದ ಹುದ್ದೆ ಬ್ರಯಂಟ್ ಅವರಿಗೆ ಬೇಡವಾಯಿತು. ಒಂದೇ ಋತುವಿನಲ್ಲಿ ಅವರು ರಾಜೀನಾಮೆ ಕೊಟ್ಟರು.

ಕೆಂಟಕಿ (1946–1953)

ಕೆಂಟಕಿ ವಿಶ್ವವಿದ್ಯಾಲಯದ ತಂಡವು 1945ರಲ್ಲಿ ಎರಡೇ ಪಂದ್ಯಗಳನ್ನು ಗೆದ್ದಿತ್ತು. ಬ್ರಯಂಟ್ ಬಂದ ಮೊದಲ ವರ್ಷವೇ ಏಳನ್ನು ಗೆದ್ದಿತು. 1947ರಲ್ಲಿ ತಂಡವು ತನ್ನ ಇತಿಹಾಸದ ಮೊದಲ ಬೌಲ್ ಪಂದ್ಯವನ್ನು ಆಡಿತು; ಋತುವಿನ ಕೊನೆಯಲ್ಲಿ ಆಯ್ದ ತಂಡಗಳಿಗೆ ಏರ್ಪಡಿಸುವ ವಿಶೇಷ ಪಂದ್ಯಗಳನ್ನು ಬೌಲ್ ಎನ್ನುತ್ತಾರೆ. 1950ರಲ್ಲಿ ಕೆಂಟಕಿಯು ಮೊದಲ ಬಾರಿಗೆ ದಕ್ಷಿಣದ ಪ್ರಮುಖ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನ ಪ್ರಶಸ್ತಿಯನ್ನು ಗೆದ್ದಿತು. 1951ರ ಜನವರಿ 1ರಂದು ಶುಗರ್ ಬೌಲ್‌ನಲ್ಲಿ ಒಕ್ಲಹೋಮಾ ತಂಡವನ್ನು 13–7ರಿಂದ ಸೋಲಿಸಿ, ಆ ತಂಡದ ಸತತ 31 ಗೆಲುವುಗಳ ಸರಣಿಯನ್ನು ಮುರಿಯಿತು.

ಆದರೂ ಕೆಂಟಕಿ ಬಾಸ್ಕೆಟ್‌ಬಾಲ್ ನಾಡಾಗಿತ್ತು. ಅಲ್ಲಿನ ಬಾಸ್ಕೆಟ್‌ಬಾಲ್ ತರಬೇತುದಾರ ಅಡಾಲ್ಫ್ ರಪ್ 1948, 1949 ಮತ್ತು 1951ರಲ್ಲಿ ರಾಷ್ಟ್ರೀಯ ಪ್ರಶಸ್ತಿಗಳನ್ನು ತಂದುಕೊಟ್ಟಿದ್ದರು. ಒಂದೇ ಸಮಾರಂಭದಲ್ಲಿ ರಪ್ ಅವರಿಗೆ ಕಾರನ್ನೂ ಬ್ರಯಂಟ್ ಅವರಿಗೆ ಸಿಗರೇಟ್ ಲೈಟರನ್ನೂ ಉಡುಗೊರೆಯಾಗಿ ಕೊಟ್ಟರೆಂಬ ಕಥೆ ಬಹಳ ಪ್ರಚಲಿತವಾಗಿದೆ. ಅದು ಐತಿಹ್ಯವೇ ಇರಬಹುದು. ಆದರೆ ಎರಡು ಕ್ರೀಡೆಗಳ ಸ್ಥಾನಮಾನದ ಅಂತರವನ್ನು ಅದು ಸರಿಯಾಗಿ ಸೂಚಿಸುತ್ತದೆ. 1951ರ ಬಾಸ್ಕೆಟ್‌ಬಾಲ್ ಹಗರಣದ ನಂತರವೂ ರಪ್ ಹುದ್ದೆಯಲ್ಲಿ ಮುಂದುವರಿದರು. ಈ ಸಂಸ್ಥೆಯಲ್ಲಿ ತಾವು ಎಂದಿಗೂ ಎರಡನೆಯವರೇ ಎಂದು ಮನಗಂಡ ಬ್ರಯಂಟ್ 1954ರ ಆರಂಭದಲ್ಲಿ ಹೊರಬಂದರು. ಅಲ್ಲಿ ಅವರ ಸಾಧನೆ 60 ಗೆಲುವು, 23 ಸೋಲು ಮತ್ತು 5 ಸಮಬಲ.

ಟೆಕ್ಸಾಸ್ ಎ ಅಂಡ್ ಎಂ (1954–1957)

ಆ ಹೊತ್ತಿಗೆ ದೇಶದ ಉತ್ತಮ ಹುದ್ದೆಗಳೆಲ್ಲ ಭರ್ತಿಯಾಗಿದ್ದವು. ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನಲ್ಲಿ ತರಬೇತುದಾರನ ಹುದ್ದೆಯೊಂದಿಗೆ ಕ್ರೀಡಾ ನಿರ್ದೇಶಕನ ಅಧಿಕಾರವೂ ಸಿಕ್ಕಿತು. ಮೇರಿಲೆಂಡ್‌ನಲ್ಲಿ ಇಲ್ಲದಿದ್ದದ್ದು ಇಲ್ಲಿ ದೊರೆಯಿತು. ಆದರೆ ಅದು ಆಗ ಪುರುಷರಿಗೆ ಮಾತ್ರ ಪ್ರವೇಶವಿದ್ದ, ಸೈನಿಕ ಶಿಸ್ತಿನ ಕಾಲೇಜು. ಅಂಥಲ್ಲಿಗೆ ಒಳ್ಳೆಯ ಆಟಗಾರರನ್ನು ಸೆಳೆಯುವುದು ಸುಲಭವಾಗಿರಲಿಲ್ಲ.

1954ರ ಸೆಪ್ಟೆಂಬರ್‌ನಲ್ಲಿ ಬ್ರಯಂಟ್ ತಂಡವನ್ನು ಜಂಕ್ಷನ್ ಎಂಬ ಸಣ್ಣ ಊರಿನ ಶಿಬಿರಕ್ಕೆ ಕರೆದೊಯ್ದರು. ಬರಗಾಲದ ಬಿರುಬಿಸಿಲಿನಲ್ಲಿ, ಅಭ್ಯಾಸದ ನಡುವೆ ನೀರನ್ನೂ ಕೊಡದೆ, ಹತ್ತು ದಿನ ಕಠಿಣ ತರಬೇತಿ ನಡೆಯಿತು. ಅನೇಕರು ನಡುವೆಯೇ ಬಿಟ್ಟು ಹೋದರು. ಕೊನೆಯವರೆಗೂ ಉಳಿದವರು 'ಜಂಕ್ಷನ್ ಬಾಯ್ಸ್' ಎಂದು ಹೆಸರಾದರು. ಜೀನ್ ಸ್ಟಾಲಿಂಗ್ಸ್ ಮತ್ತು ಜ್ಯಾಕ್ ಪಾರ್ಡಿ ಅವರಲ್ಲಿ ಸೇರಿದ್ದಾರೆ. ಈ ಪ್ರಸಂಗವನ್ನು ಕೆಲವರು ಛಲದ ಕಥೆಯೆಂದು ಕೊಂಡಾಡಿದರೆ, ಯುವಕರ ಪ್ರಾಣಕ್ಕೆ ಅಪಾಯ ತರುವ ಕ್ರೌರ್ಯವೆಂದು ಟೀಕಿಸುವವರೂ ಇದ್ದಾರೆ. ಆ ವರ್ಷ ತಂಡವು ಒಂದೇ ಪಂದ್ಯವನ್ನು ಗೆದ್ದು ಒಂಬತ್ತರಲ್ಲಿ ಸೋತಿತು. ಬ್ರಯಂಟ್ ಅವರ ವೃತ್ತಿಜೀವನದಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ಋತು ಇದೊಂದೇ.

1956ರಲ್ಲಿ ತಂಡವು ಒಂದೂ ಪಂದ್ಯವನ್ನು ಸೋಲದೆ ಸೌತ್‌ವೆಸ್ಟ್ ಕಾನ್ಫರೆನ್ಸ್ ಪ್ರಶಸ್ತಿಯನ್ನು ಗೆದ್ದಿತು. ಆದರೆ ಆಟಗಾರರ ಆಯ್ಕೆಯಲ್ಲಿ ನಿಯಮ ಮೀರಿದ್ದಕ್ಕಾಗಿ ಶಿಕ್ಷೆಗೊಳಗಾಗಿದ್ದರಿಂದ ಬೌಲ್ ಪಂದ್ಯ ಆಡುವ ಅವಕಾಶ ತಪ್ಪಿತು. 1957ರಲ್ಲಿ ಜಾನ್ ಡೇವಿಡ್ ಕ್ರೋ ಅವರು ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕವನ್ನು ಪಡೆದರು. ಬ್ರಯಂಟ್ ಅವರ ಶಿಷ್ಯರಲ್ಲಿ ಈ ಗೌರವ ಪಡೆದವರು ಅವರೊಬ್ಬರೇ. ಅದೇ ಋತುವಿನಲ್ಲಿ ತಂಡವು ಮೊದಲ ಎಂಟು ಪಂದ್ಯಗಳನ್ನು ಗೆದ್ದಿದ್ದಾಗ ಬ್ರಯಂಟ್ ಅಲಬಾಮಾಕ್ಕೆ ಹೋಗುವರೆಂಬ ಸುದ್ದಿ ಹಬ್ಬಿತು. ಉಳಿದ ಮೂರೂ ಪಂದ್ಯಗಳಲ್ಲಿ ತಂಡವು ಸೋತಿತು.

ಅಲಬಾಮಾ (1958–1982)

ಬ್ರಯಂಟ್ ಅವರು ಒಪ್ಪಿಕೊಂಡಾಗ ಅಲಬಾಮಾದ ಹುದ್ದೆ ಹೊರನೋಟಕ್ಕೆ ಆಕರ್ಷಕವಾಗಿರಲಿಲ್ಲ. 1955ರಿಂದ 1957ರವರೆಗಿನ ಮೂರು ಋತುಗಳಲ್ಲಿ ತಂಡವು ಒಟ್ಟು ನಾಲ್ಕು ಪಂದ್ಯಗಳನ್ನಷ್ಟೇ ಗೆದ್ದಿತ್ತು. 1957ರಲ್ಲಿ ಅದೇ ರಾಜ್ಯದ ಎದುರಾಳಿ ಆಬರ್ನ್ ತಂಡವು 40–0ರಿಂದ ಅದನ್ನು ಸೋಲಿಸಿತ್ತು. ತಾಯಿ ಕರೆದಾಗ ಮಗನು ಹೋಗಲೇಬೇಕೆಂಬುದು ತಾವು ಓದಿದ ಸಂಸ್ಥೆಗೆ ಮರಳಲು ಬ್ರಯಂಟ್ ಕೊಟ್ಟ ಕಾರಣ. ಇಲ್ಲಿಯೂ ಅವರು ಕ್ರೀಡಾ ನಿರ್ದೇಶಕರಾಗಿದ್ದರು.

ಮೊದಲ ವರ್ಷವೇ ಐದು ಗೆಲುವುಗಳು ಬಂದವು. 1961ರಲ್ಲಿ 11 ಪಂದ್ಯಗಳನ್ನೂ ಗೆದ್ದ ತಂಡವು ಇಡೀ ಋತುವಿನಲ್ಲಿ ಎದುರಾಳಿಗಳಿಗೆ ಕೇವಲ 25 ಅಂಕಗಳನ್ನು ಬಿಟ್ಟುಕೊಟ್ಟು ರಾಷ್ಟ್ರೀಯ ಚಾಂಪಿಯನ್ ಆಯಿತು. ಬಳಿಕ 1964, 1965, 1973, 1978 ಮತ್ತು 1979ರಲ್ಲಿಯೂ ಆ ಗೌರವ ದೊರೆಯಿತು. ರಾಷ್ಟ್ರೀಯ ಚಾಂಪಿಯನ್ನರನ್ನು ಆಗ ಮತದಾನದಿಂದ ಆರಿಸುತ್ತಿದ್ದರು. 1964 ಮತ್ತು 1973ರಲ್ಲಿ ಆಯ್ಕೆಯಾದ ಬಳಿಕ ತಂಡವು ಬೌಲ್ ಪಂದ್ಯದಲ್ಲಿ ಸೋತಿತೆಂಬುದನ್ನೂ ಗಮನಿಸಬೇಕು. ಜೋ ನೇಮತ್ ಮತ್ತು ಕೆನ್ ಸ್ಟೇಬ್ಲರ್ ಈ ಕಾಲದ ಪ್ರಸಿದ್ಧ ಆಟಗಾರರು. 1963ರಲ್ಲಿ ನಿಯಮ ಮೀರಿದ ನೇಮತ್ ಅವರನ್ನು ಬ್ರಯಂಟ್ ಋತುವಿನ ಕೊನೆಯ ಪಂದ್ಯಗಳಿಂದ ಹೊರಗಿಟ್ಟರು.

1969 ಮತ್ತು 1970ರಲ್ಲಿ ತಂಡವು ಸೊರಗಿ, ಎರಡೂ ವರ್ಷ ಆರಾರು ಪಂದ್ಯಗಳನ್ನಷ್ಟೇ ಗೆದ್ದಿತು. ಈ ನಡುವೆ ಮಯಾಮಿ ಡಾಲ್ಫಿನ್ಸ್ ಎಂಬ ವೃತ್ತಿಪರ ತಂಡವು ಬ್ರಯಂಟ್ ಅವರನ್ನು ಸೆಳೆಯಲು ಯತ್ನಿಸಿತು. ಮಾತುಕತೆ ನಡೆದರೂ ಅವರು ಅಲಬಾಮಾದಲ್ಲಿಯೇ ಉಳಿದರು. 1971ರಲ್ಲಿ ಆಟದ ಪದ್ಧತಿಯನ್ನೇ ಬದಲಿಸಿ, ಓಟಕ್ಕೆ ಪ್ರಾಧಾನ್ಯ ಕೊಡುವ 'ವಿಶ್‌ಬೋನ್' ವ್ಯೂಹವನ್ನು ಅಳವಡಿಸಿದರು. 1970ರ ದಶಕದಲ್ಲಿ ತಂಡವು 103 ಪಂದ್ಯಗಳನ್ನು ಗೆದ್ದು 16ರಲ್ಲಿ ಮಾತ್ರ ಸೋತಿತು.

ವರ್ಣಭೇದದ ಪ್ರಶ್ನೆ

1963ರಲ್ಲಿ ರಾಜ್ಯಪಾಲ ಜಾರ್ಜ್ ವಾಲೇಸ್ ಅವರು ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲು ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತಿದ್ದರು. ವಿದ್ಯಾರ್ಥಿಗಳು ಒಳಬಂದರೂ ಫುಟ್‌ಬಾಲ್ ತಂಡವು ಆ ದಶಕದುದ್ದಕ್ಕೂ ಬಿಳಿಯರದ್ದಾಗಿಯೇ ಉಳಿಯಿತು. ವಿಲ್ಬರ್ ಜಾಕ್ಸನ್ ಅವರು ತಂಡದ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಆಟಗಾರರಾಗಿ 1970ರಲ್ಲಿ ಸೇರಿದರು. ಅದೇ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅಲಬಾಮಾವನ್ನು 42–21ರಿಂದ ಸೋಲಿಸಿತು; ಅದರ ಕಪ್ಪು ಆಟಗಾರ ಸ್ಯಾಮ್ ಕನ್ನಿಂಗ್‌ಹ್ಯಾಮ್ ಅಂದು ಮಿಂಚಿದರು. ಮರುವರ್ಷ ಅದೇ ಎದುರಾಳಿಯ ವಿರುದ್ಧ ಜಾನ್ ಮಿಚೆಲ್ ಅವರು ಅಲಬಾಮಾ ಪರವಾಗಿ ಕಣಕ್ಕಿಳಿದ ಮೊದಲ ಕಪ್ಪು ಆಟಗಾರರಾದರು. ರಾಜ್ಯದ ರಾಜಕೀಯವು ಬ್ರಯಂಟ್ ಅವರ ಕೈ ಕಟ್ಟಿಹಾಕಿತ್ತೆಂದು ಕೆಲವರು ವಾದಿಸುತ್ತಾರೆ. ಅಷ್ಟೊಂದು ಪ್ರಭಾವವಿದ್ದವರು ಇನ್ನೂ ಮೊದಲೇ ಹೆಜ್ಜೆಯಿಡಬಹುದಿತ್ತೆಂಬುದು ಇತರರ ಅಭಿಪ್ರಾಯ.

ನಾಲ್ಕು ಹುದ್ದೆಗಳ ಹೋಲಿಕೆ

- ಮೇರಿಲೆಂಡ್ (6–2–1): ಸಿದ್ಧ ತಂಡವಿತ್ತು, ಅಧಿಕಾರವಿರಲಿಲ್ಲ.
- ಕೆಂಟಕಿ (60–23–5): ಅವಕಾಶ ಮತ್ತು ಯಶಸ್ಸು ಇದ್ದವು, ಸಂಸ್ಥೆಯಲ್ಲಿ ಮೊದಲ ಸ್ಥಾನವಿರಲಿಲ್ಲ.
- ಟೆಕ್ಸಾಸ್ ಎ ಅಂಡ್ ಎಂ (25–14–2): ಪೂರ್ಣ ಅಧಿಕಾರವಿತ್ತು; ಆಟಗಾರರನ್ನು ಸೆಳೆಯುವ ಅನುಕೂಲವಿರಲಿಲ್ಲ.
- ಅಲಬಾಮಾ (232–46–9): ಅಧಿಕಾರ, ಫುಟ್‌ಬಾಲ್‌ಗೆ ಅಗ್ರಸ್ಥಾನ, ಹಳೆಯ ಕೀರ್ತಿ ಮತ್ತು ತವರಿನ ಮಮತೆ ಒಟ್ಟಿಗೆ ಇದ್ದವು, ಇಲ್ಲದಿದ್ದದ್ದು ಆಗಿನ ಗೆಲುವು ಮಾತ್ರ.

ಆವರಣದಲ್ಲಿರುವ ಅಂಕಿಗಳು ಕ್ರಮವಾಗಿ ಗೆಲುವು, ಸೋಲು ಮತ್ತು ಸಮಬಲವನ್ನು ಸೂಚಿಸುತ್ತವೆ. ಹೊಸ ಸ್ಥಳಕ್ಕೆ ಹೋದಾಗಲೆಲ್ಲ ಹಿಂದಿನ ಹುದ್ದೆಯ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನ ಅವರ ನಡೆಯಲ್ಲಿ ಕಾಣುತ್ತದೆ. ತಂಡದ ಆ ಹೊತ್ತಿನ ಸೋಲುಗಳನ್ನು ಅವರು ದೊಡ್ಡ ಅಡ್ಡಿಯೆಂದು ಎಣಿಸಲಿಲ್ಲ. ತರಬೇತುದಾರನ ಕೈಯಲ್ಲಿಲ್ಲದ ಕೊರತೆಗಳನ್ನೇ ಅಡ್ಡಿಯೆಂದು ಭಾವಿಸಿದರು.

ಕೊನೆಯ ದಿನಗಳು

1981ರ ನವೆಂಬರ್ 28ರಂದು ಆಬರ್ನ್ ವಿರುದ್ಧ 28–17ರಿಂದ ಗೆದ್ದಾಗ ಅದು ಬ್ರಯಂಟ್ ಅವರ 315ನೆಯ ಗೆಲುವಾಗಿತ್ತು. ಇದರಿಂದ ಅಮೋಸ್ ಅಲೊಂಜೊ ಸ್ಟ್ಯಾಗ್ ಅವರ 314 ಗೆಲುವುಗಳ ದಾಖಲೆ ಮುರಿಯಿತು. 1982ರ ಡಿಸೆಂಬರ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು. ಡಿಸೆಂಬರ್ 29ರಂದು ಲಿಬರ್ಟಿ ಬೌಲ್‌ನಲ್ಲಿ ಇಲಿನಾಯ್ ತಂಡದ ವಿರುದ್ಧ 21–15ರ ಗೆಲುವೇ ಅವರ ಕೊನೆಯ ಪಂದ್ಯ. ಅದಾಗಿ 28 ದಿನಗಳಿಗೆ, 1983ರ ಜನವರಿ 26ರಂದು, ಹೃದಯಾಘಾತದಿಂದ ಟಸ್ಕಲೂಸಾದಲ್ಲಿ ನಿಧನರಾದರು. ಬರ್ಮಿಂಗ್‌ಹ್ಯಾಮ್‌ನ ಎಲ್ಮ್‌ವುಡ್ ಸ್ಮಶಾನದಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಗೌರವ ಮತ್ತು ಪರಂಪರೆ

1983ರಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಬ್ರಯಂಟ್ ಅವರಿಗೆ ಮರಣೋತ್ತರವಾಗಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪ್ರದಾನ ಮಾಡಿದರು. ಟಸ್ಕಲೂಸಾದ ಕ್ರೀಡಾಂಗಣಕ್ಕೆ ಬ್ರಯಂಟ್–ಡೆನ್ನಿ ಕ್ರೀಡಾಂಗಣವೆಂಬ ಹೆಸರು ಅವರು ಸೇವೆಯಲ್ಲಿದ್ದಾಗಲೇ, 1975ರಲ್ಲಿ, ಬಂದಿತ್ತು. 1985ರಲ್ಲಿ ಗ್ರ್ಯಾಂಬ್ಲಿಂಗ್ ತಂಡದ ಎಡ್ಡಿ ರಾಬಿನ್ಸನ್ ಅವರು ಬ್ರಯಂಟ್ ಅವರ 323 ಗೆಲುವುಗಳ ದಾಖಲೆಯನ್ನು ದಾಟಿದರು. 1997ರಲ್ಲಿ ಅಮೆರಿಕದ ಅಂಚೆ ಇಲಾಖೆಯು ಬ್ರಯಂಟ್ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು.

1958ರಲ್ಲಿ ಸೋಲುಗಳಿಂದ ಕಂಗೆಟ್ಟಿದ್ದ ಅಲಬಾಮಾದ ಹುದ್ದೆಯು ಅವರ ನಂತರ ದೇಶದ ಅತ್ಯಂತ ಪ್ರತಿಷ್ಠಿತ, ಅಷ್ಟೇ ಕಠಿಣ ಹುದ್ದೆಗಳಲ್ಲಿ ಒಂದಾಯಿತು. ಅಲ್ಲಿಗೆ ಬಂದ ಪ್ರತಿಯೊಬ್ಬರನ್ನೂ ಅಭಿಮಾನಿಗಳು ಬ್ರಯಂಟ್ ಅವರೊಡನೆ ಹೋಲಿಸಿದರು. ಮುಂದಿನ ರಾಷ್ಟ್ರೀಯ ಪ್ರಶಸ್ತಿಗಾಗಿ ಅಲಬಾಮಾ 1992ರವರೆಗೆ ಕಾಯಬೇಕಾಯಿತು. ಅದನ್ನು ತಂದುಕೊಟ್ಟವರು ಜಂಕ್ಷನ್ ಶಿಬಿರದಲ್ಲಿ ಉಳಿದಿದ್ದ ಶಿಷ್ಯ ಜೀನ್ ಸ್ಟಾಲಿಂಗ್ಸ್.