ಸಾಹಿತ್ಯದಲ್ಲಿ ಸೊನ್ನೆ ಪಡೆದ ಕಾದಂಬರಿಕಾರ: ಎಮಿಲ್ ಝೋಲಾ

ಎಮಿಲ್ ಝೋಲಾ ಹುಟ್ಟಿದ್ದು 1840ರ ಏಪ್ರಿಲ್ 2ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಫ್ರಾನ್ಸುವಾ ಝೋಲಾ ಇಟಲಿಯ ವೆನಿಸ್‌ನಿಂದ ಬಂದ ಎಂಜಿನಿಯರ್. ಮಗ ಚಿಕ್ಕವನಿದ್ದಾಗ ಕುಟುಂಬ ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣಕ್ಕೆ ಹೋಗಿ ನೆಲೆಸಿತು. ಆ ಊರಿಗೆ ನೀರು ಕೊಡಲು ಕಮಾನಿನ ಆಕಾರದ ಅಣೆಕಟ್ಟೊಂದನ್ನು ತಂದೆ ರೂಪಿಸಿದ್ದರು. ಕೆಲಸ ಶುರುವಾದ ಕೆಲವೇ ದಿನಗಳಲ್ಲಿ, 1847ರಲ್ಲಿ, ಅವರು ಕಾಯಿಲೆ ಬಿದ್ದು ತೀರಿಕೊಂಡರು. ಆ ಅಣೆಕಟ್ಟು ಇಂದಿಗೂ ಅವರ ಹೆಸರಿನಲ್ಲಿ ನಿಂತಿದೆ. ನವಿಲುತೀರ್ಥದ ಅಣೆಕಟ್ಟು ಕಂಡಿರುವ ನಮ್ಮ ಭಾಗದ ಮಕ್ಕಳಿಗೆ ಈ ಕಥೆಯನ್ನು ಇಲ್ಲಿಂದಲೇ ಆರಂಭಿಸಬಹುದು. ಊರಿಗೆ ನೀರು ಬಂತು, ಆದರೆ ನೀರು ತಂದವನ ಮನೆಗೆ ಉಳಿದದ್ದು ಬಡತನ. ತಾಯಿ ಎಮಿಲಿ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಅಗ್ಗದ ಬಾಡಿಗೆ ಮನೆಗಳಿಗೆ ಬದಲಾಗುತ್ತ ಮಗನನ್ನು ಓದಿಸಿದಳು.

ಏಕ್ಸ್‌ನ ಶಾಲೆಯಲ್ಲಿ ಝೋಲಾನ ಗೆಳೆಯನಾಗಿದ್ದವನು ಮುಂದೆ ಜಗತ್ತೇ ಮೆಚ್ಚಿದ ಚಿತ್ರಕಾರನಾದ ಪಾಲ್ ಸೆಜಾನ್. 1858ರಲ್ಲಿ ತಾಯಿ ಮಗ ಪ್ಯಾರಿಸ್‌ಗೆ ಮರಳಿದರು. ವಿದ್ಯಾರ್ಥಿವೇತನದ ಮೇಲೆ ಝೋಲಾ ಅಲ್ಲಿ ವಿಜ್ಞಾನ ವಿಭಾಗ ಸೇರಿದ. 1859ರಲ್ಲಿ ಶಾಲಾಂತ್ಯದ ಪರೀಕ್ಷೆಗೆ ಕುಳಿತ. ಲಿಖಿತ ಪರೀಕ್ಷೆ ಪಾಸಾಯಿತು. ವಿಜ್ಞಾನದ ಮೌಖಿಕ ಪರೀಕ್ಷೆಯೂ ಚೆನ್ನಾಗಿಯೇ ಆಯಿತು. ಇತಿಹಾಸದಲ್ಲಿ, 814ರಲ್ಲಿ ಸತ್ತ ಶಾರ್ಲಮೇನ್ ಚಕ್ರವರ್ತಿಯನ್ನು ಅವನು ಹಲವು ಶತಮಾನ ಹೆಚ್ಚು ಬದುಕಿಸಿದ. ಸಾಹಿತ್ಯದ ಮೌಖಿಕದಲ್ಲಿ ಅವನಿಗೆ ಬಂದದ್ದು ಸೊನ್ನೆ. ಅದೇ ವರ್ಷ ಮಾರ್ಸೇಲ್ಸ್‌ನಲ್ಲಿ ಮತ್ತೆ ಪರೀಕ್ಷೆ ಕಟ್ಟಿ, ಈ ಸಲ ಲಿಖಿತದಲ್ಲೇ ಬಿದ್ದ. ಅಲ್ಲಿಗೆ ಓದು ನಿಂತಿತು.

ಈ ಸೊನ್ನೆಯನ್ನು ಅವಸರದಲ್ಲಿ ಅರ್ಥ ಮಾಡಿಕೊಳ್ಳಬಾರದು. ನಪಾಸಾದರೂ ದೊಡ್ಡವರಾಗಬಹುದು ಎಂದು ಮಕ್ಕಳಿಗೆ ಹೇಳಿ ಮುಗಿಸುವುದು ಸುಲಭ. ಆದರೆ ಆ ಸೊನ್ನೆಯ ಬೆಲೆಯನ್ನು ಝೋಲಾ ತೆತ್ತ. 1860ರಲ್ಲಿ ಬಂದರಿನ ಸುಂಕದ ಕಚೇರಿಯಲ್ಲಿ ತಿಂಗಳಿಗೆ 60 ಫ್ರಾಂಕ್‌ಗೆ ಗುಮಾಸ್ತನಾಗಿ ಸೇರಿ, ಎರಡು ತಿಂಗಳಲ್ಲಿ ಬಿಟ್ಟ. ಆಮೇಲೆ ಸುಮಾರು ಎರಡು ವರ್ಷ ಕೆಲಸವಿಲ್ಲ. ಚಳಿಗಾಲದಲ್ಲಿ ಬೆಂಕಿ ಕಾಯಿಸಲೂ ಗತಿಯಿಲ್ಲದ ಕೋಣೆಗಳಲ್ಲಿ, ಅರೆಹೊಟ್ಟೆಯಲ್ಲಿ ದಿನ ಕಳೆದ. 1862ರಲ್ಲಿ ಹಾಶೆಟ್ ಪ್ರಕಾಶನ ಸಂಸ್ಥೆಯಲ್ಲಿ ಪುಸ್ತಕ ಕಟ್ಟುವ ಕೆಲಸ ಸಿಕ್ಕಿತು. ಅಲ್ಲಿಂದ ಜಾಹೀರಾತು ವಿಭಾಗದ ಮುಖ್ಯಸ್ಥನ ಸ್ಥಾನಕ್ಕೇರಿ, 1866ರಲ್ಲಿ ಕೆಲಸ ಬಿಟ್ಟು ಬರವಣಿಗೆಗೇ ನಿಂತ. ತಾಯಿಯ ದುಡಿಮೆ ಮತ್ತು ಈ ಒಂದು ನೌಕರಿ ಇರದಿದ್ದರೆ ಆ ಹುಡುಗ ನಗರದ ಗುಂಪಿನಲ್ಲಿ ಕಳೆದುಹೋಗುತ್ತಿದ್ದ. ಹಾಗೆ ಕಳೆದುಹೋದವರ ಹೆಸರು ನಮಗೆ ಗೊತ್ತಾಗುವುದೇ ಇಲ್ಲ.

ಆದರೆ ಆ ವರ್ಷಗಳಲ್ಲಿ ಅವನು ನೋಡುವುದನ್ನು ಕಲಿತ. ಬಾಡಿಗೆ ವಠಾರದ ಮೆಟ್ಟಿಲು, ಬಟ್ಟೆ ಒಗೆಯುವ ಹೆಂಗಸರ ಮಾತು, ಸಾರಾಯಿ ಅಂಗಡಿಯ ವಾಸನೆ ಎಲ್ಲವೂ ಅವನಿಗೆ ಪಾಠವಾದವು. 1871ರಿಂದ 1893ರವರೆಗೆ ಅವನು ಒಂದೇ ವಂಶದ ಹಲವು ತಲೆಮಾರುಗಳನ್ನು ಹಿಡಿದು 20 ಕಾದಂಬರಿ ಬರೆದ. ಅವುಗಳ ಒಟ್ಟು ಹೆಸರು 'ರೂಗೋನ್ ಮಕಾರ್'. ಪ್ರತಿಯೊಂದಕ್ಕೂ ನಮ್ಮ ಪಾಠಯೋಜನೆಗಿಂತ ದೊಡ್ಡ ತಯಾರಿ ಇರುತ್ತಿತ್ತು. 'ಓ ಬೊನೋರ್ ದೆ ದಾಮ್' ಬರೆಯಲು ದೊಡ್ಡ ಅಂಗಡಿಗಳಲ್ಲಿ ಸುತ್ತಾಡಿ ಕೆಲಸದ ಹುಡುಗಿಯರ ಸಂಬಳ, ಊಟ, ದಂಡ ಎಲ್ಲ ಬರೆದುಕೊಂಡ. 'ಜೆರ್ಮಿನಾಲ್' ಬರೆಯಲು 1884ರಲ್ಲಿ ಮುಷ್ಕರ ನಡೆಯುತ್ತಿದ್ದ ಆಂಜಾನ್ ಕಲ್ಲಿದ್ದಲ ಗಣಿಗೇ ಇಳಿದ.

ಅವನಿಗೆ ಹಣವನ್ನೂ ಬೈಗುಳವನ್ನೂ ತಂದದ್ದು 1877ರ 'ಲಾಸೊಮ್ವಾರ್'. ಊರು ಬಿಟ್ಟು ಪ್ಯಾರಿಸ್‌ಗೆ ಬಂದ ಜೆರ್ವೇಸ್ ಅದರ ನಾಯಕಿ. ಜೊತೆಗೆ ಕರೆತಂದವನು ಎರಡು ಮಕ್ಕಳೊಂದಿಗೆ ಅವಳನ್ನು ಕೈಬಿಡುತ್ತಾನೆ. ಅವಳು ಬಟ್ಟೆ ಒಗೆದು ಬದುಕುತ್ತಾಳೆ. ಛಾವಣಿ ಕೆಲಸದ ಕೂಪೋ ಅವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ, ಅವಳು ಸ್ವಂತ ಅಂಗಡಿಯನ್ನೂ ತೆರೆಯುತ್ತಾಳೆ. ಕೂಪೋ ಛಾವಣಿಯಿಂದ ಬಿದ್ದ ಮೇಲೆ ಕುಡಿತ ಮನೆ ಹೊಗುತ್ತದೆ. ಕೊನೆಗೆ ಅವಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹಸಿದು ಸಾಯುತ್ತಾಳೆ. ಬೈಲಹೊಂಗಲ, ರಾಮದುರ್ಗದ ಕಡೆಯಿಂದ ಗೋವಾಕ್ಕೋ ಪುಣೆಗೋ ದುಡಿಯಲು ಹೋದವರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಅವರಿಗೆ ಈ ಕಥೆ ಪರದೇಶದ್ದು ಅನಿಸಲಾರದು. ಅಂದು ಮರ್ಯಾದಸ್ಥರು ಇದನ್ನು ಅಶ್ಲೀಲ ಎಂದರು, ಕಾರ್ಮಿಕರ ಪರ ಇದ್ದವರು ಇದು ಕಾರ್ಮಿಕರಿಗೆ ಮಾಡಿದ ಅವಮಾನ ಎಂದರು. ಕನ್ನಡದಲ್ಲೂ ವೇಶ್ಯೆಯರ ಬದುಕನ್ನು ಬರೆದ ಅ.ನ.ಕೃ. ಇಂಥದೇ ಆರೋಪ ಎದುರಿಸಿದರು. ಅವರ ಪ್ರಗತಿಶೀಲ ಚಳವಳಿಯ ಬಸವರಾಜ ಕಟ್ಟೀಮನಿ ನಮ್ಮದೇ ಜಿಲ್ಲೆಯ ಗೋಕಾಕ ತಾಲೂಕಿನವರು.

ಬಿಎಸ್‌ಸಿ ಓದಿ ಬಂದ ನಮಗೆ ಝೋಲಾನ ಒಂದು ಮಾತಿನ ಮೇಲೆ ತಕರಾರು ಇರಲೇಬೇಕು. ವೈದ್ಯವಿಜ್ಞಾನಿ ಕ್ಲೋದ್ ಬರ್ನಾರ್ ಅವರ ವಿಧಾನವನ್ನು ಅನುಸರಿಸಿ, ಕಾದಂಬರಿಯೂ ಒಂದು ಪ್ರಯೋಗ ಎಂದು ಅವನು 1880ರಲ್ಲಿ ವಾದಿಸಿದ. ಪ್ರಯೋಗದಲ್ಲಿ ಫಲಿತಾಂಶ ನಮ್ಮ ಕೈಯಲ್ಲಿರುವುದಿಲ್ಲ, ಕಾದಂಬರಿಯಲ್ಲಿ ಅದು ಲೇಖಕನ ಕೈಯಲ್ಲೇ ಇರುತ್ತದೆ. ಅವನು ನಂಬಿದ್ದ ಅನುವಂಶೀಯತೆಯ ವಿಚಾರಗಳೂ ಇಂದು ನಿಲ್ಲುವುದಿಲ್ಲ. ಮೆಂಡೆಲ್‌ನ ಕೆಲಸ ಜಗತ್ತಿನ ಗಮನಕ್ಕೆ ಬಂದದ್ದೇ 1900ರಲ್ಲಿ. ಝೋಲಾನಲ್ಲಿ ಉಳಿದದ್ದು ಸಿದ್ಧಾಂತವಲ್ಲ, ವೀಕ್ಷಣೆ.

ಮನೆಯ ಬದುಕಿನಲ್ಲಿ ಅವನು ಆದರ್ಶಪುರುಷನಲ್ಲ. 1870ರಲ್ಲಿ ಅಲೆಕ್ಸಾಂಡ್ರೀನ್‌ಳನ್ನು ಮದುವೆಯಾದ, ಮಕ್ಕಳಾಗಲಿಲ್ಲ. ಮುಂದೆ ಮನೆಗೆ ಹೊಲಿಗೆ ಕೆಲಸಕ್ಕೆ ಬಂದ ಜಾನ್ ರೋಜೆರೋಳಿಂದ ಇಬ್ಬರು ಮಕ್ಕಳಾದರು, ಹೆಂಡತಿಗೆ ಅದು ಗುಟ್ಟಾಗಿತ್ತು. ಅವನು ಸತ್ತ ಮೇಲೆ ಆ ಮಕ್ಕಳಿಗೆ ಅವನ ಹೆಸರು ಸಿಗುವಂತೆ ನೋಡಿಕೊಂಡವಳು ಅಲೆಕ್ಸಾಂಡ್ರೀನ್. ಆ ದೊಡ್ಡತನ ಅವಳದು.

1898ರ ಜನವರಿ 13ರಂದು, ಸುಳ್ಳು ಆರೋಪದ ಮೇಲೆ ಶಿಕ್ಷೆಗೊಳಗಾಗಿದ್ದ ಯಹೂದಿ ಸೇನಾಧಿಕಾರಿ ಡ್ರೈಫಸ್ ಪರವಾಗಿ ಝೋಲಾ ರಾಷ್ಟ್ರಾಧ್ಯಕ್ಷರಿಗೆ ಪತ್ರಿಕೆಯಲ್ಲೇ ಬಹಿರಂಗ ಪತ್ರ ಬರೆದ. ಅದಕ್ಕಾಗಿ ಒಂದು ವರ್ಷದ ಸಜೆ, 3,000 ಫ್ರಾಂಕ್ ದಂಡ ಬಿತ್ತು. ಸಜೆ ತಪ್ಪಿಸಿಕೊಂಡು ಇಂಗ್ಲೆಂಡ್‌ಗೆ ಹೋದವನು 1899ರಲ್ಲಿ ಮರಳಿದ. 1902ರ ಸೆಪ್ಟೆಂಬರ್ 29ರಂದು, ಹೊಗೆಕೊಳವೆ ಕಟ್ಟಿಕೊಂಡು ಮಲಗುವ ಕೋಣೆಯಲ್ಲಿ ತುಂಬಿದ ಕಾರ್ಬನ್ ಮಾನಾಕ್ಸೈಡ್‌ನಿಂದ ಸತ್ತ. ಯಾರೋ ಬೇಕೆಂದೇ ಮುಚ್ಚಿದರೆಂಬ ಸಂಶಯ ಇಂದಿಗೂ ಇದೆ. ಅಂತ್ಯಯಾತ್ರೆಯಲ್ಲಿ ಗಣಿ ಕಾರ್ಮಿಕರು ಜೆರ್ಮಿನಾಲ್ ಎಂದು ಕೂಗುತ್ತ ನಡೆದರು. 1906ರಲ್ಲಿ ಡ್ರೈಫಸ್ ನಿರ್ದೋಷಿ ಎಂದು ತೀರ್ಪಾಯಿತು. 1908ರಲ್ಲಿ ಝೋಲಾನ ಅವಶೇಷಗಳನ್ನು ರಾಷ್ಟ್ರದ ಹಿರಿಯರ ಸಮಾಧಿಸ್ಥಳವಾದ ಪಾಂಥಿಯೋನ್‌ಗೆ ತಂದರು.

ಬೋಧನಾಭ್ಯಾಸದಲ್ಲಿ ನಾವು ಘಟಕ ಪರೀಕ್ಷೆ ಕೊಡುತ್ತೇವೆ, ಅಂಕ ಹಾಕುತ್ತೇವೆ. 1859ರ ಆ ಪರೀಕ್ಷಕ ಅನ್ಯಾಯ ಮಾಡಿದ ಎನ್ನಲಾಗದು, ಕೇಳಿದ್ದಕ್ಕೆ ಹುಡುಗನ ಬಳಿ ಉತ್ತರವಿರಲಿಲ್ಲ. ಆದರೆ ಆ ಹುಡುಗ ಏನನ್ನು ನೋಡಬಲ್ಲ, ನೋಡಿದ್ದನ್ನು ಹೇಗೆ ಹೇಳಬಲ್ಲ ಎಂದು ಆ ದಿನ ಯಾರೂ ಕೇಳಲಿಲ್ಲ. ಆ ಒಂದು ಪ್ರಶ್ನೆಗೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಜಾಗವಿರಲಿ: ಮನೆಯಿಂದ ಶಾಲೆಗೆ ಬರುವಾಗ ಕಂಡದ್ದನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಅದಕ್ಕೂ ಅಂಕ ಇರಲಿ.