ಅಲೆಗಳನ್ನು ಸೋಸಿಕೊಟ್ಟಾತ: ಎಡ್ವಿನ್ ಆರ್ಮ್‌ಸ್ಟ್ರಾಂಗ್

ಮಲಾಡಿನಲ್ಲಿ ಸಂಸಾರ ಹೂಡಿದ ಹಳೆಯ ತಲೆಮಾರಿನ ಕನ್ನಡಿಗರಿಗೆ ಒಂದು ಸಂಕಟ ನೆನಪಿರಲೇಬೇಕು. ಸ್ಟೇಷನ್ನಿಗೆ ಪಶ್ಚಿಮದಲ್ಲಿ, ಮಾಲವಣಿಯ ಕಡೆಗೆ, ಆಕಾಶವಾಣಿಯ ಪ್ರಸಾರ ಕಂಬಗಳು ನಿಂತಿದ್ದವು. 1978ರ ತರಂಗ ಹಂಚಿಕೆಯ ತರುವಾಯ ಮುಂಬಯಿಯ ಎರಡು ಮಧ್ಯಮ ತರಂಗ ಕೇಂದ್ರಗಳು 558 ಮತ್ತು 1044 ಕಿಲೋಹರ್ಟ್ಸಿನಲ್ಲಿ ನುಡಿಯುತ್ತಿದ್ದವು. ಮನೆಯವರ ಕಿವಿಗೆ ಬೇಕಾದದ್ದೋ ಧಾರವಾಡ. 1950ನೆಯ ಇಸವಿ ಜನವರಿ 8ರಂದು ಆರಂಭವಾದ ಆ ಕೇಂದ್ರ 765 ಕಿಲೋಹರ್ಟ್ಸಿನಲ್ಲಿತ್ತು. ಆಕಾಶಮಾರ್ಗದಲ್ಲಿ ಸುಮಾರು 470 ಕಿಲೋಮೀಟರು ದೂರ. ಹಗಲು ಕೇಳುವುದು ದುಸ್ತರ. ಕತ್ತಲಾದ ಮೇಲೆ ಅಲೆಗಳು ಮೇಲಿನ ಅಯಾನು ಮಂಡಲಕ್ಕೆ ತಗುಲಿ ಮರಳಿದಾಗ ಮೆಲ್ಲನೆ ಕನ್ನಡದ ದನಿ ಏಳುತ್ತಿತ್ತು. ಆದರೆ ಆ ದನಿಯ ಬೆನ್ನ ಮೇಲೆ ಮುಂಬಯಿಯ ಹಾಡು ಸವಾರಿ ಮಾಡುತ್ತಿತ್ತು. ಬಾಗಿಲಲ್ಲೇ ಡೋಲು ಬಡಿಯುತ್ತಿರುವಾಗ ಹಿತ್ತಲ ಬೇಲಿಯಾಚೆಯಿಂದ ಅಜ್ಜಿ ಕರೆದದ್ದು ಕೇಳಿಸೀತೆ?

ಕೇಳಿಸುವಂತೆ ಮಾಡುವುದೇ ಬಾನುಲಿ ಪೆಟ್ಟಿಗೆಯ ತಲೆಬಾಗಿಲಿನ ಕೆಲಸ. ಏರಿಯಲ್ಲಿಗೆ ಊರಿನ ಅಲೆಗಳೆಲ್ಲವೂ ಒಟ್ಟಿಗೆ ಬಂದು ಬಡಿಯುತ್ತವೆ. ಬೇಕಾದುದೊಂದನ್ನು ಒಳಗೆ ಬಿಟ್ಟು, ಬೇಡವಾದುದನ್ನು ಹೊರಗೇ ನಿಲ್ಲಿಸಬೇಕು. ಈ ಬಾಗಿಲನ್ನು ಈಗ ನಾವು ಕಾಣುವ ರೀತಿಯಲ್ಲಿ ಕಟ್ಟಿಕೊಟ್ಟವರಲ್ಲಿ ಮೊದಲಿಗ ಅಮೆರಿಕದ ಎಡ್ವಿನ್ ಹೊವರ್ಡ್ ಆರ್ಮ್‌ಸ್ಟ್ರಾಂಗ್. ಆತನ ಹೆಸರು ನಮ್ಮ ಮನೆಗಳಲ್ಲಿ ಮಾರ್ಕೋನಿಯಷ್ಟಾಗಲಿ, ನಮ್ಮವರೇ ಆದ ಜಗದೀಶಚಂದ್ರ ಬೋಸರಷ್ಟಾಗಲಿ ಕೇಳಿಬರುವುದಿಲ್ಲ. ಆತ ಮಾಡಿಟ್ಟ ಏರ್ಪಾಡು ಮಾತ್ರ ಮನೆಮನೆಯ ರೇಡಿಯೋದೊಳಗೆ ಕುಳಿತಿತ್ತು.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕಿನಲ್ಲಿ. ತಂದೆ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದವರು. ತಾಯಿ ಶಾಲೆಯಲ್ಲಿ ಕಲಿಸಿದ್ದವರು. ಬಾಲ್ಯದಲ್ಲಿ ನರದೌರ್ಬಲ್ಯದ ಕಾಯಿಲೆಯೊಂದು ತಗುಲಿ ಹುಡುಗ ಎರಡು ವರ್ಷ ಶಾಲೆಯಿಂದ ದೂರ ಉಳಿಯಬೇಕಾಯಿತು. ಮುಖ ಹಾಗೂ ಭುಜದ ಸೆಳೆತ ಕೊನೆಯವರೆಗೂ ಬಿಡಲಿಲ್ಲ. ಒಂಟಿತನ ಅಭ್ಯಾಸವಾಗಿ ಹೋಯಿತು. ಕುಟುಂಬ ಹಡ್ಸನ್ ನದಿಯ ದಂಡೆಯ ಯಾಂಕರ್ಸಿಗೆ ಬಂದು ನೆಲೆಸಿತು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಮಾರ್ಕೋನಿಯ ವೃತ್ತಾಂತ ಓದಿದ್ದೇ ತಡ, ಮಾಳಿಗೆಯ ಕೋಣೆ ತಂತಿ, ಸುರುಳಿಗಳಿಂದ ತುಂಬಿತು. 1910ರಲ್ಲಿ ಮನೆಯಂಗಳದಲ್ಲಿ 125 ಅಡಿ ಎತ್ತರದ ಏರಿಯಲ್ ಕಂಬವನ್ನು ಸ್ವಂತ ಕೈಯಿಂದ ಎಬ್ಬಿಸಿದ. ಎತ್ತರಕ್ಕೆ ಹತ್ತುವುದೆಂದರೆ ಆತನಿಗೆ ಎಲ್ಲಿಲ್ಲದ ಹುರುಪು.

ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ, 1912ರಲ್ಲಿ, ಮೊದಲನೆಯ ದೊಡ್ಡ ಶೋಧ ಕೈಗೂಡಿತು. ಲೀ ಡಿ ಫಾರೆಸ್ಟ್ ಎಂಬಾತ 1906ರಲ್ಲೇ ಮೂರು ಅಂಗಗಳ ವಾಲ್ವ್ ಮಾಡಿದ್ದ. ಅದು ಏಕೆ ಕೆಲಸ ಮಾಡುತ್ತದೆಂಬುದು ಮಾಡಿದವನಿಗೇ ಸರಿಯಾಗಿ ತಿಳಿದಿರಲಿಲ್ಲ. ಆರ್ಮ್‌ಸ್ಟ್ರಾಂಗ್ ಅದನ್ನು ಅಳೆದು ನೋಡಿ, ಹೊರಬಂದ ಸಂಕೇತದ ಒಂದಂಶವನ್ನು ಪುನಃ ಒಳಬಾಗಿಲಿಗೇ ಉಣಿಸಿದ. ತೊಟ್ಟಿಲು ತೂಗುವ ತಾಯಿ ಹದ ನೋಡಿ ಒಂದೊಂದು ಸಲ ತಳ್ಳಿದಂತೆ, ಕ್ಷೀಣವಾದ ಸಂಕೇತ ಸಾವಿರಾರು ಪಾಲು ಬಲಿಯಿತು. ಮಿತಿಮೀರಿ ಉಣಿಸಿದರೆ ವಾಲ್ವ್ ತಾನೇ ಶಿಳ್ಳೆ ಹಾಕತೊಡಗಿ, ಪ್ರಸಾರ ಯಂತ್ರವೇ ಆಗಿಬಿಡುತ್ತಿತ್ತು. ಪೇಟೆಂಟಿಗೆ ಹಣ ಬೇಕಾಯಿತು. ಪದವಿ ಮುಗಿಯಲಿ ಎಂದು ತಂದೆ ಕೊಡಲಿಲ್ಲ. ಕೊನೆಗೆ 1913ರ ಜನವರಿ 31ರಂದು ನಕ್ಷೆಯೊಂದಕ್ಕೆ ನೋಟರಿಯ ಮುದ್ರೆ ಹಾಕಿಸಿಟ್ಟುಕೊಂಡು, ಅರ್ಜಿ ಹಾಕಿದ್ದು ಆ ವರ್ಷದ ಅಕ್ಟೋಬರಿನಲ್ಲಿ. ತಡವಾದ ಈ ತಿಂಗಳುಗಳೇ ಮುಂದೆ ಇಪ್ಪತ್ತು ವರ್ಷಗಳ ವ್ಯಾಜ್ಯಕ್ಕೆ ಸಂದು ಕೊಟ್ಟವು.

ಪ್ರಥಮ ಮಹಾಯುದ್ಧದಲ್ಲಿ ಸೇನೆಯ ಸಂಕೇತ ವಿಭಾಗದ ಅಧಿಕಾರಿಯಾಗಿ ಆತ ಪ್ಯಾರಿಸಿಗೆ ಹೋದ. ಅತಿ ವೇಗದ ಕಂಪನಗಳನ್ನು ಹಿಗ್ಗಿಸುವ ಶಕ್ತಿ ಅಂದಿನ ವಾಲ್ವುಗಳಿಗಿರಲಿಲ್ಲ. ಹಾಗಾದರೆ ಬಂದ ಕಂಪನವನ್ನೇ ಕೆಳಕ್ಕಿಳಿಸಿದರೇನು? ತಂಬೂರಿಯ ಎರಡು ತಂತಿಗಳು ಶ್ರುತಿ ಕೂಡುವ ಮುನ್ನ, ಅವೆರಡರ ಅಂತರಕ್ಕೆ ಸಮನಾದ ಒಂದು ಅಲುಗು ದನಿ ಏಳುವುದನ್ನು ಸಂಗೀತಗಾರರು ಬಲ್ಲರು. ಅಂಥದೇ ತತ್ತ್ವವನ್ನು ಫೆಸೆಂಡನ್ ಎಂಬ ವಿಜ್ಞಾನಿ ಬಾನುಲಿಗೆ ಹೂಡಿದ್ದ. ಆರ್ಮ್‌ಸ್ಟ್ರಾಂಗ್ 1918ರಲ್ಲಿ ಅದನ್ನೇ ಹಿಡಿದು, ಪೆಟ್ಟಿಗೆಯೊಳಗೇ ಒಂದು ಪುಟ್ಟ ಆಂದೋಲಕವನ್ನಿಟ್ಟು, ಬಂದ ಅಲೆಯೊಡನೆ ಬೆರೆಸಿ, ಅಂತರದ ಕಂಪನವನ್ನು ಮಾತ್ರ ಸೋಸಿ ಹಿಗ್ಗಿಸಿದ. ಇದೇ ಸೂಪರ್‌ಹೆಟರೊಡೈನ್. ಫ್ರಾನ್ಸಿನ ಲೂಸಿಯನ್ ಲೆವಿ ಒಂದು ವರ್ಷ ಮುಂಚೆಯೇ ಇದರ ಹಕ್ಕಿಗೆ ಅರ್ಜಿ ಹಾಕಿದ್ದನೆಂಬುದನ್ನೂ, ಜರ್ಮನಿಯ ಶಾಟ್ಕಿ ಇದೇ ದಾರಿಯಲ್ಲಿದ್ದನೆಂಬುದನ್ನೂ ಹೇಳದಿದ್ದರೆ ನ್ಯಾಯವಾಗದು. ಆದರೆ ಕೆಲಸಕ್ಕೆ ಬರುವ ಪೆಟ್ಟಿಗೆಯಾಗಿ ಅದನ್ನು ದುಡಿಸಿದವ ಆರ್ಮ್‌ಸ್ಟ್ರಾಂಗನೇ.

ಇದರ ಸೊಗಸು ಲೆಕ್ಕದಲ್ಲಿದೆ. ಮುಂದೆ ಮನೆಮನೆಗೆ ಬಂದ ಸೆಟ್ಟುಗಳಲ್ಲಿ ಈ ನಡುವಣ ಕಂಪನವನ್ನು ಸಾಮಾನ್ಯವಾಗಿ 455 ಕಿಲೋಹರ್ಟ್ಸ್ ಎಂದು ಇಟ್ಟುಕೊಂಡರು. ಧಾರವಾಡದ 765 ಬೇಕಾದರೆ ಒಳಗಿನ ಆಂದೋಲಕ 1220ರಲ್ಲಿ ಮಿಡಿಯಬೇಕು, ಕಳೆದರೆ 455. ಬೆಂಗಳೂರಿನ 612 ಬೇಕಾದರೆ 1067; ಕಳೆದರೆ ಮತ್ತೆ ಅದೇ 455. ಯಾವ ಊರಿನ ಅಲೆ ಬಂದರೂ ಕೊನೆಗೆ ಒಂದೇ ಜರಡಿ. ಜರಡಿಯ ಕಣ್ಣನ್ನು ಬೇಕಾದಷ್ಟು ನುಣುಪಾಗಿ ಒಮ್ಮೆ ಕೂಡಿಸಿಟ್ಟರಾಯಿತು.

ಹಾಗಾದರೆ ತಲೆಬಾಗಿಲಿಗೆ ಕಾವಲೇ ಬೇಡವೇ? ಬೇಕು, ಇಲ್ಲದಿದ್ದರೆ ಮೋಸವಾದೀತು. ಆಂದೋಲಕ 1067ರಲ್ಲಿರುವಾಗ, ಅದಕ್ಕಿಂತ 455 ಮೇಲಿರುವ 1522ರ ಅಲೆಯೂ ಅದೇ ಅಂತರ ಕೊಟ್ಟು ಬೆಂಗಳೂರಿನ ವೇಷದಲ್ಲಿ ಒಳಗೆ ಬಂದುಬಿಡುತ್ತದೆ. ಜರಡಿಗೆ ಇಬ್ಬರೂ ಒಂದೇ. ಈ ಬಿಂಬದ ಅಲೆಯನ್ನು ಬೆರೆಸುವ ಮೊದಲೇ ತಡೆಯಬೇಕಾದದ್ದು ಏರಿಯಲ್ ಸುರುಳಿ ಮತ್ತು ಅದರ ಕಂಡೆನ್ಸರ್. ಎರಡು ಕಂಡೆನ್ಸರುಗಳು ಒಂದೇ ದಂಡಕ್ಕೆ ಬಿಗಿದು ಒಟ್ಟಿಗೆ ತಿರುಗುವುದು, ರಿಪೇರಿಯವರು ಸಣ್ಣ ತಿರುಪುಳಿಯಿಂದ ಡಯಲಿನ ಎರಡು ತುದಿಗಳಲ್ಲೂ ಹೊಂದಿಸುತ್ತಿದ್ದುದು, ಇವೆಲ್ಲ ಆ 455ರ ಅಂತರ ಎಲ್ಲೂ ತಪ್ಪದಿರಲೆಂದು. ಇನ್ನೊಂದು ಮಾತು: ಮೊದಲನೆಯ ಹಂತದಲ್ಲಿ ಗದ್ದಲದಲ್ಲಿ ಕರಗಿಹೋದ ಸಂಕೇತವನ್ನು ಆಮೇಲೆ ಎಷ್ಟು ಹಿಗ್ಗಿಸಿದರೂ ಗದ್ದಲವೂ ಜೊತೆಗೇ ಹಿಗ್ಗುತ್ತದೆ. ಹಾಲು ಒಡೆದ ಮೇಲೆ ಸಕ್ಕರೆ ಬೆರೆಸಿದಂತೆ.

ಮಲಾಡಿನ ಸಂಕಟ ಇದಕ್ಕೂ ಒಂದು ಕೈ ಮಿಗಿಲು. ಕಂಬದ ಬುಡದಲ್ಲಿರುವವರ ಸೆಟ್ಟಿಗೆ ಬರುವ ಅಲೆ ಎಷ್ಟು ಬಲವೆಂದರೆ, ಏರಿಯಲ್ ಸುರುಳಿ ಅದನ್ನು ಪೂರ್ತಿ ತಡೆಯಲಾರದು. ಬೆರೆಸುವ ವಾಲ್ವು ಅಥವಾ ಟ್ರಾನ್ಸಿಸ್ಟರು ತತ್ತರಿಸಿ, ಬೇಡದ ಹಾಡನ್ನು ಬೇಕಾದ ಅಲೆಯ ಮೇಲೆಯೇ ಅಚ್ಚೊತ್ತುತ್ತದೆ. 558, 1044 ಎರಡೂ ಒಳನುಗ್ಗಿದರೆ ಅವು ತಮ್ಮೊಳಗೇ ಕೂಡಿ 1602ರಲ್ಲಿ ಇಲ್ಲದ ಕೇಂದ್ರವೊಂದನ್ನು ಹುಟ್ಟಿಸಬಲ್ಲವು. ಒಮ್ಮೆ ಹೀಗಾದ ಮೇಲೆ ಒಳಗಿನ ಜರಡಿ ಎಷ್ಟು ನುಣುಪಾಗಿದ್ದರೂ ಫಲವಿಲ್ಲ. ಮದ್ದು ಬಾಗಿಲಾಚೆಯೇ ಆಗಬೇಕು: ಏರಿಯಲ್ ತಂತಿಯಲ್ಲಿ ಮುಂಬಯಿಯ ಕಂಪನಕ್ಕೆ ಹೊಂದಿಸಿದ ಒಂದು ಸುರುಳಿ, ಒಂದು ಕಂಡೆನ್ಸರು. ಟ್ರಾನ್ಸಿಸ್ಟರ್ ಸೆಟ್ಟಾದರೆ ಅದೂ ಬೇಡ. ಅದರೊಳಗಿನ ಫೆರೈಟ್ ದಂಡದ ತುದಿ ಯಾವ ಕಡೆಗಿರುತ್ತದೋ ಆ ದಿಕ್ಕಿಗೆ ಅದು ಕಿವುಡು. ಮಾಲವಣಿ ಪಶ್ಚಿಮದಲ್ಲಿ, ಧಾರವಾಡ ದಕ್ಷಿಣದಿಂದ ತುಸು ಪೂರ್ವಕ್ಕೆ. ಸ್ಟೇಷನ್ನಿನ ಸುತ್ತಲಿನ ಮನೆಗಳಲ್ಲಿ ದಂಡವನ್ನು ಪೂರ್ವ ಪಶ್ಚಿಮವಾಗಿ ತಿರುಗಿಸಿಟ್ಟರೆ ಅಬ್ಬರವಡಗಿ ಧಾರವಾಡ ಎದ್ದು ಬರುವುದು. ಕಿಟಕಿಯ ಬಳಿ ಸೆಟ್ಟನ್ನು ಹಾಗೆ ಹೀಗೆ ತಿರುಗಿಸುತ್ತಿದ್ದ ಹಿರಿಯರು ಅರಿಯದೆಯೇ ಶಾಸ್ತ್ರ ನಡೆಸುತ್ತಿದ್ದರು.

ಆರ್ಮ್‌ಸ್ಟ್ರಾಂಗನಿಗೆ ಹಣ ಬಂತು. 1920ರಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಆತನ ಹಕ್ಕುಗಳಿಗೆ 3,35,000 ಡಾಲರು ಕೊಟ್ಟಿತು. ಎರಡು ವರ್ಷದ ಬಳಿಕ ಇನ್ನೊಂದು ಶೋಧಕ್ಕಾಗಿ ಆರ್.ಸಿ.ಎ. ಕಂಪನಿ ಹಣದ ಜೊತೆ 60,000 ಷೇರುಗಳನ್ನೂ ಕೊಟ್ಟಿತು. ಆ ಕಂಪನಿಯ ಡೇವಿಡ್ ಸಾರ್ನಾಫ್ ಆತನ ಗೆಳೆಯ. ಸಾರ್ನಾಫನ ಕಾರ್ಯದರ್ಶಿನಿ ಮರಿಯನ್ ಮ್ಯಾಕ್‌ಇನ್ನಿಸಳನ್ನು 1923ರ ಡಿಸೆಂಬರಿನಲ್ಲಿ ಮದುವೆಯಾದ. ಕಂಪನಿಯ ಕಟ್ಟಡದ ತಾರಸಿಯ ಕಂಬದ ತುದಿಗೆ ಹತ್ತಿ ನಿಂತು ಆಕೆಯ ಮುಂದೆ ಶೌರ್ಯ ತೋರಿದ ವರ ಈತ! ಮದುವೆಗೆ ಕೊಟ್ಟ ಉಡುಗೊರೆಯೋ, ಎತ್ತಿ ಒಯ್ಯಬಹುದಾದ ಒಂದು ಸೂಪರ್‌ಹೆಟ್ ರೇಡಿಯೋ.

ಅತ್ತ ಡಿ ಫಾರೆಸ್ಟನೊಡನೆ ವ್ಯಾಜ್ಯ ಸಾಗಿತ್ತು. ಮೊದಲ ಸುತ್ತಿನಲ್ಲಿ ಗೆದ್ದವನು ಆರ್ಮ್‌ಸ್ಟ್ರಾಂಗ್. ಪರಿಹಾರದ ಹಣ ಬಿಟ್ಟುಕೊಟ್ಟು ಅಲ್ಲಿಗೇ ಮುಗಿಸಬಹುದಾಗಿತ್ತು, ಹಠ ಬಿಡಲಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಆತನಿಗೆ ತಿಳಿದಿರಲಿಲ್ಲ. 1934ರಲ್ಲಿ ಸರ್ವೋಚ್ಚ ನ್ಯಾಯಾಲಯ ಡಿ ಫಾರೆಸ್ಟನ ಪರ ತೀರ್ಪಿತ್ತಿತು. ಬಾನುಲಿ ಎಂಜಿನಿಯರುಗಳ ಸಂಸ್ಥೆ ಹಿಂದೆ ಕೊಟ್ಟಿದ್ದ ಪದಕವನ್ನು ಆತ ಹಿಂದಿರುಗಿಸಲು ಹೋದಾಗ, ಅವರು ಅದನ್ನು ಮರಳಿ ಪಡೆಯಲೊಪ್ಪಲಿಲ್ಲ. ನ್ಯಾಯಾಧೀಶರಿಗಿಂತ ಅವರಿಗೆ ವಿಷಯ ಚೆನ್ನಾಗಿ ಗೊತ್ತಿತ್ತು.

ಅಷ್ಟರೊಳಗೆ ಆತ ಎಫ್.ಎಂ. ಕಂಡುಹಿಡಿದಿದ್ದ. 1933ರ ಡಿಸೆಂಬರ್ 26ರಂದು ಅದರ ಪೇಟೆಂಟುಗಳು ದೊರೆತವು. ಸಿಡಿಲು ಮಿಂಚಿನ ಗರಗರವಿಲ್ಲದ, ನೀರು ಬಗ್ಗಿಸಿದ ಸದ್ದೂ ಸ್ಪಷ್ಟವಾಗಿ ಕೇಳುವ ಬಾನುಲಿ ಅದು. 1935ರಲ್ಲಿ ಮೈಸೂರಿನಲ್ಲಿ ನಮ್ಮ ಗೋಪಾಲಸ್ವಾಮಿಯವರು 30 ವ್ಯಾಟಿನ ಪುಟ್ಟ ಪ್ರಸಾರ ಯಂತ್ರದಿಂದ ಆಕಾಶವಾಣಿಯನ್ನು ನುಡಿಸತೊಡಗಿದ ಕಾಲದಲ್ಲೇ ಅಲ್ಲಿ ಇದರ ಪ್ರಯೋಗ ನಡೆದಿತ್ತು. ಸಾರ್ನಾಫ್ ಟೆಲಿವಿಷನ್ ಕಡೆ ಹೊರಳಿದ. ಆರ್ಮ್‌ಸ್ಟ್ರಾಂಗ್ ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನಿನಲ್ಲಿ 400 ಅಡಿಗೂ ಮಿಕ್ಕಿದ ಕಂಬ ನಿಲ್ಲಿಸಿದ. ಯುದ್ಧಕಾಲದಲ್ಲಿ ಸೇನೆಗೆ ಪೇಟೆಂಟುಗಳನ್ನು ಪುಕ್ಕಟೆ ಬಿಟ್ಟುಕೊಟ್ಟ. 1945ರಲ್ಲಿ ಸರಕಾರ ಎಫ್.ಎಂ. ತರಂಗಗಳನ್ನು 88ರಿಂದ 108 ಮೆಗಾಹರ್ಟ್ಸಿಗೆ ಎತ್ತಿಡಲು, ಜನ ಕೊಂಡಿದ್ದ ಲಕ್ಷಗಟ್ಟಲೆ ಸೆಟ್ಟುಗಳು ಒಂದೇ ಪೆಟ್ಟಿಗೆ ನಿಷ್ಪ್ರಯೋಜಕವಾದವು. ಆರ್.ಸಿ.ಎ. ಒಂದೇ ಸಲಕ್ಕೆ 10 ಲಕ್ಷ ಡಾಲರು ಕೊಡುತ್ತೇನೆಂದಿದ್ದನ್ನು ಆತ ಹಿಂದೆಯೇ ನಿರಾಕರಿಸಿದ್ದ. 1948ರಲ್ಲಿ ಅದರ ಮೇಲೆ ದಾವೆ ಹೂಡಿದ. ಐದು ವರ್ಷ ವಿಚಾರಣೆ ಎಳೆಯಿತು, ಹಣ ಕರಗಿತು. ದಾವೆಯನ್ನು ಬಿಡೆಂದ ಮರಿಯನ್ನಳೊಡನೆ 1953ರ ನವೆಂಬರಿನಲ್ಲಿ ಜಗಳವಾಗಿ, ಸಿಟ್ಟಿನಲ್ಲಿ ಆಕೆಗೆ ಹೊಡೆದೇಬಿಟ್ಟ. ಆಕೆ ಮನೆ ಬಿಟ್ಟು ಹೋದಳು. 1954ರ ಜನವರಿ 31ರ ರಾತ್ರಿ ಕೋಟು, ಟೊಪ್ಪಿಗೆ ತೊಟ್ಟು, ಹದಿಮೂರನೆಯ ಮಹಡಿಯ ಕಿಟಕಿಯಿಂದ ಆತ ಧುಮುಕಿದ. ಮೊದಲ ಶೋಧದ ನಕ್ಷೆಗೆ ನೋಟರಿಯ ಮುದ್ರೆ ಬಿದ್ದು ಅಂದಿಗೆ ಸರಿಯಾಗಿ ನಲವತ್ತೊಂದು ವರ್ಷ.

ದಾವೆ ಬೇಡವೆಂದಿದ್ದ ಮರಿಯನ್ನಳೇ ಆಮೇಲೆ ಅದನ್ನು ಮುಂದುವರಿಸಿದಳು. ಆ ವರ್ಷದ ಕೊನೆಗೆ ಆರ್.ಸಿ.ಎ. 10 ಲಕ್ಷ ಡಾಲರಿಗೂ ತುಸು ಹೆಚ್ಚು ಕೊಟ್ಟು ರಾಜಿಯಾಯಿತು. ಮಿಕ್ಕ ಕಂಪನಿಗಳನ್ನು ಆಕೆ ಒಂದೊಂದಾಗಿ ಗೆದ್ದಳು. ಕೊನೆಯದಾದ ಮೋಟರೋಲಾದ ಮೊಕದ್ದಮೆ ಮುಗಿದದ್ದು 1967ರಲ್ಲಿ. ಹತ್ತು ವರ್ಷದ ಬಳಿಕ ನಮ್ಮ ದೇಶದ ಮೊದಲನೆಯ ಎಫ್.ಎಂ. ಪ್ರಸಾರ ಮದರಾಸಿನಲ್ಲಿ ಆರಂಭವಾಯಿತು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದು, ಅವುಗಳ ಮೇಲಿದ್ದ ಪ್ರಸಾರ ಕಂಬ ನೆಲಕಚ್ಚಿದಾಗ, ಅಲ್ಲಿಯ ಟೆಲಿವಿಷನ್ ಕೇಂದ್ರಗಳು ತಾತ್ಕಾಲಿಕವಾಗಿ ಆಸರೆ ಪಡೆದದ್ದು ಆಲ್ಪೈನಿನ ಅದೇ ಹಳೆಯ ಕಂಬದಿಂದ.