ಕ್ಷ-ಕಿರಣದ ಜನಕ ರಾಂಟ್‌ಜೆನ್

ಅಂಗಾಲನ್ನು ನೆಲಕ್ಕೆ ಊರಲಾರದೆ ಪಾದದ ಅಂಚಿನ ಮೇಲೆ ನಡೆಯುವ ಮಕ್ಕಳುಂಟು. ಅಂಥ ಮಗುವಿನ ತೊಡಕು ಯಾವ ಮೂಳೆಯಲ್ಲಿದೆ, ಎಷ್ಟಿದೆ ಎಂಬುದನ್ನು ವೈದ್ಯರು ಹಿಂದೆ ಕೈಯಿಂದ ಮುಟ್ಟಿ ಊಹಿಸಬೇಕಾಗಿತ್ತು. ಚರ್ಮ ಮಾಂಸಗಳ ಆ ತೆರೆಯನ್ನು ಸರಿಸಿದ ಮಹನೀಯರು ವಿಲ್‌ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್.

ರಾಂಟ್‌ಜೆನ್ನರು 1845ರ ಮಾರ್ಚ್ 27ರಂದು ಇಂದಿನ ಜರ್ಮನಿಯ ಲೆನೆಪ್ ಎಂಬ ಊರಿನಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬರ ಏಕಮಾತ್ರ ಪುತ್ರರಾಗಿ ಜನಿಸಿದರು. ಅವರ ಬಾಲ್ಯ ಕಳೆದದ್ದು ಹಾಲೆಂಡಿನಲ್ಲಿ. ಯೂಟ್ರೆಕ್ಟ್ ನಗರದ ಶಾಲೆಯಲ್ಲಿ ಸಹಪಾಠಿಯೊಬ್ಬ ಉಪಾಧ್ಯಾಯರ ವ್ಯಂಗ್ಯಚಿತ್ರವನ್ನು ಬರೆದನು. ಅವನ ಹೆಸರನ್ನು ಹೇಳಲು ಒಪ್ಪದ ರಾಂಟ್‌ಜೆನ್ನರು ತಾವೇ ಶಾಲೆಯಿಂದ ಹೊರಬೀಳಬೇಕಾಯಿತು. ಆದರೂ ಎದೆಗುಂದದೆ ಜ್ಯೂರಿಕ್ ನಗರದಲ್ಲಿ ಯಂತ್ರಶಾಸ್ತ್ರವನ್ನು ಕಲಿತು, 1869ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. 1888ರಲ್ಲಿ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರಾದರು.

1895ರ ನವೆಂಬರ್ 8ರ ಸಂಜೆ. ಗಾಳಿ ತೆಗೆದ ಗಾಜಿನ ಕೊಳವೆಯನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಅದರೊಳಗೆ ವಿದ್ಯುತ್ತನ್ನು ಹರಿಸಿದಾಗ, ದೂರದಲ್ಲಿದ್ದ ರಾಸಾಯನಿಕ ಲೇಪನದ ಪರದೆಯೊಂದು ಹೊಳೆಯಿತು. ಕಣ್ಣಿಗೆ ಕಾಣದ ಯಾವುದೋ ಕಿರಣ ರಟ್ಟನ್ನು ದಾಟಿ ಬಂದಿತ್ತು! ಗಣಿತದ ಅಜ್ಞಾತ ರಾಶಿಯ ಹೆಸರನ್ನೇ ಅವರು ಅದಕ್ಕೆ ಇಟ್ಟರು. ಡಿಸೆಂಬರ್ 22ರಂದು ಪತ್ನಿ ಅನ್ನಾ ಬರ್ಥಾ ಅವರ ಕೈಯ ಚಿತ್ರವನ್ನು ತೆಗೆದಾಗ ಬೆರಳ ಮೂಳೆಗಳೂ ಉಂಗುರವೂ ಸ್ಪಷ್ಟವಾಗಿ ಮೂಡಿದವು.

ಈ ಕಿರಣಗಳಿಂದ ಇಂದು ಮಕ್ಕಳ ಪಾದದ ಓರೆಕೋರೆಗಳನ್ನೂ ಅಳೆಯಬಹುದು. ಸಾಧ್ಯವಾದರೆ ಮಗುವನ್ನು ನಿಲ್ಲಿಸಿಯೇ ಚಿತ್ರ ತೆಗೆಯುತ್ತಾರೆ. ಮೈಭಾರ ಬಿದ್ದಾಗಲೇ ಪಾದದ ನಿಜವಾದ ನಿಲುವು ತಿಳಿಯುವುದು. ನಿಲ್ಲಲಾರದ ಶಿಶುವಿನ ಅಂಗಾಲಿಗೆ ಹಲಗೆಯನ್ನು ಮೆಲ್ಲನೆ ಒತ್ತಿ ಹಿಡಿಯುತ್ತಾರೆ. ಹರಡಿನಲ್ಲಿರುವ ಟೇಲಸ್ ಮೂಳೆ, ಅದರ ಕೆಳಗಿನ ಹಿಮ್ಮಡಿ ಮೂಳೆ, ಇವೆರಡರ ಉದ್ದಕ್ಕೂ ಒಂದೊಂದು ಗೆರೆಯನ್ನೆಳೆದು ನಡುವಣ ಕೋನವನ್ನು ಅಳೆಯುತ್ತಾರೆ. ಪಾದದ ಮೇಲ್ಭಾಗದಿಂದ ತೆಗೆದ ಚಿತ್ರದಲ್ಲಿ ಅದು ಸಾಮಾನ್ಯವಾಗಿ 20ರಿಂದ 40 ಡಿಗ್ರಿ. ಒಳಕ್ಕೆ ತಿರುಚಿದ ಸೊಟ್ಟಪಾದದಲ್ಲಿ ಗೆರೆಗಳು ಸಮಾಂತರಕ್ಕೆ ಸಮೀಪಿಸಿ ಕೋನ ಕಿರಿದಾಗುತ್ತದೆ. ಹಿಮ್ಮಡಿ ಹೊರಕ್ಕೆ ವಾಲಿದ ಚಪ್ಪಟೆ ಪಾದದಲ್ಲಿ ಹಿರಿದಾಗುತ್ತದೆ. ಎಳೆಯ ಮಕ್ಕಳ ಪಾದದ ಕೆಲವು ಮೂಳೆಗಳು ಇನ್ನೂ ಮೃದ್ವಸ್ಥಿಯಾಗಿದ್ದು ಚಿತ್ರದಲ್ಲಿ ಕಾಣುವುದಿಲ್ಲ. ಆದುದರಿಂದ ವಯಸ್ಸನ್ನು ಗಮನಿಸಿಯೇ ತೀರ್ಮಾನಕ್ಕೆ ಬರಬೇಕು. ಈ ಕಿರಣಗಳು ಮಿತಿಮೀರಿದರೆ ದೇಹಕ್ಕೆ ಹಾನಿ. ಅಗತ್ಯವಿದ್ದಾಗ ಮಾತ್ರ ಬಳಸುವುದು ವಿವೇಕ.

ರಾಂಟ್‌ಜೆನ್ನರು ಬಯಸಿದ್ದರೆ ಈ ಶೋಧದಿಂದ ಅಪಾರ ಸಂಪತ್ತನ್ನು ಗಳಿಸಬಹುದಿತ್ತು. ಆದರೆ ಅವರು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದು ಮನುಕುಲದ ಸ್ವತ್ತಾಗಬೇಕೆಂಬುದು ಅವರ ನಿಲುವು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಪಾರಿತೋಷಕವನ್ನು ಪಡೆದಾಗ, ಅದರ ಹಣವನ್ನೂ ತಮ್ಮ ವಿಶ್ವವಿದ್ಯಾನಿಲಯಕ್ಕೇ ಕೊಟ್ಟರು. ಮೊದಲ ಮಹಾಯುದ್ಧದ ತರುವಾಯ ಜರ್ಮನಿಯ ನಾಣ್ಯದ ಬೆಲೆ ಕುಸಿದು, ಅವರು ಕೂಡಿಟ್ಟ ಹಣವೂ ಕರಗಿಹೋಯಿತು. 1919ರಲ್ಲಿ ಪತ್ನಿ ತೀರಿಕೊಂಡರು. 1923ರ ಫೆಬ್ರವರಿ 10ರಂದು ಮ್ಯೂನಿಕ್ ನಗರದಲ್ಲಿ ರಾಂಟ್‌ಜೆನ್ನರು ಕಣ್ಮುಚ್ಚಿದರು.

ಗೆಳೆಯನ ಹೆಸರನ್ನು ಬಿಟ್ಟುಕೊಡದ ಆ ಬಾಲಕ, ಬೆಳೆದು ದೊಡ್ಡವನಾದಾಗ ತನ್ನ ಶೋಧವನ್ನು ಲೋಕಕ್ಕೇ ಬಿಟ್ಟುಕೊಟ್ಟನು. ಸೊಟ್ಟಗಿದ್ದ ಪಾದ ನೆಟ್ಟಗಾಗಿ ಓಡಾಡುವ ಎಷ್ಟೋ ಮಕ್ಕಳ ಹೆಜ್ಜೆಗಳ ಹಿಂದೆ ಆ ಔದಾರ್ಯದ ಬೆಳಕಿದೆ.